ಫೋಟೋ ತೆಗೆದವಳ ಪುಟ

ಎಡಿತಾ ಸುಮಗಾಯ್ಸಾಯ್‌ಗೆ ಆ ಬುಧವಾರ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಕೂತರೆ ಫ್ಯಾನಿನ ಗಾಳಿ ತಾಗದು, ಎದ್ದರೆ ಕಂಪ್ಯೂಟರಿನ ಅಕ್ಷರ ಕಾಣದು. ಹಾಗಾಗಿ ಅರ್ಧ ಎದ್ದು, ಮೇಜಿಗೆ ಕೈಯೂರಿ, ನಿಂತಂತೆಯೇ ವಿದ್ಯಾರ್ಥಿಗಳ ಒಂದೊಂದು ಪುಟ ತೆರೆದು ನೋಡುತ್ತಿದ್ದಳು. ಮೇ ತಿಂಗಳ ಸೆಕೆ. ಕಿಟಕಿಯಾಚೆ ಸಮುದ್ರವಿದ್ದರೂ ತೆಂಗಿನ ಗರಿ ಅಲುಗುತ್ತಿರಲಿಲ್ಲ. ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ ಎಂಬ ಭಯ ಬೇರೆ.

ಶುಕ್ರವಾರ ಸಂಜೆ ಐದಕ್ಕೆ ಪುಟಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಯಾರೂ ಏನೂ ಸೇರಿಸುವಂತಿಲ್ಲ. ಸೋಮವಾರ ಮನಿಲಾದಿಂದ ತಪಾಸಣೆಯವರು ಬಂದು, ಈ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಲು ಕಲಿಯುವ ಹುಡುಗರು ನಿಜವಾಗಿ ಏನು ಕಲಿತಿದ್ದಾರೆ ಎಂದು ಅದೇ ಪುಟಗಳಲ್ಲಿ ನೋಡುತ್ತಾರೆ.

ಇದನ್ನೆಲ್ಲ ತಂದು ತಲೆಯ ಮೇಲೆ ಹಾಕಿಕೊಂಡವಳು ಆ ಹುಡುಗರ ತರಬೇತಿ ನೋಡಿಕೊಳ್ಳುವ ಎಡಿತಾಳೇ. ಮೊದಲಾದರೆ ಕೊನೆಯ ವರ್ಷದವರು ಹಳ್ಳಿ ಶಾಲೆಗಳಿಗೆ ಹೋಗಿ ಪಾಠ ಮಾಡಿ, ಆ ಅನುಭವವನ್ನೆಲ್ಲ ಒಂದು ದಪ್ಪ ಆಲ್ಬಮ್ಮಿಗೆ ಅಂಟಿಸಿ ತರುತ್ತಿದ್ದರು. ಲೇಸು, ರಿಬ್ಬನ್ನು, ಮಿನುಗುಪುಡಿ. ಕೆಲವರು ಹಾಳೆಗಳಿಗೆ ಸೆಂಟು ಹಚ್ಚುತ್ತಿದ್ದರು. ಅಂಕ ಕೊಡುವುದು ಪಾಠಕ್ಕೋ ಲೇಸಿಗೋ ಎಂದು ಎಡಿತಾಳಿಗೇ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ಹಿಂದಿನ ಚಂಡಮಾರುತದಲ್ಲಿ ಕಪಾಟಿಗೆ ನೀರು ನುಗ್ಗಿ, ಆಲ್ಬಮ್ಮುಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾದಾಗ, ಅವಳೇ ಸಭೆಯಲ್ಲಿ ಎದ್ದು "ಇನ್ನು ಇದು ಸಾಕು, ಇ-ಪೋರ್ಟ್‌ಫೋಲಿಯೊ ಮಾಡೋಣ" ಎಂದಿದ್ದಳು. ಪ್ರತಿ ವಿದ್ಯಾರ್ಥಿಗೂ ಇಂಟರ್ನೆಟ್ಟಿನಲ್ಲಿ ಅವನದೇ ಒಂದು ಪುಟ. ಅಲ್ಲಿ ಅವನು ಮಾಡಿದ ಪಾಠ, ಅವನ ವಿಡಿಯೋ, ಅವನ ಅನಿಸಿಕೆ. ನೆನೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿದವರೆಲ್ಲ ಮನೆಗೆ ಹೋದರು, ಕೆಲಸ ಎಡಿತಾಳ ಮೇಜಿಗೆ ಬಂತು.

ಡೀನ್ ವಿಲ್ಯಾಸಿಸ್ ಮಾತ್ರ ತಮ್ಮ ಪಾಲಿನದನ್ನು ಮಾಡಿದ್ದರು. ಗೇಟಿಗೆ ಮನೆಯ ಗೋಡೆಯಷ್ಟು ದೊಡ್ಡ ಫ್ಲೆಕ್ಸ್ ಕಟ್ಟಿಸಿ, ಅದರಲ್ಲಿ ತಮ್ಮ ನಗುಮುಖದ ಪಕ್ಕ 'ಇನ್ನು ಕಾಗದವಿಲ್ಲ' ಎಂದು ಬರೆಸಿದ್ದರು.

ಫ್ಲೆಕ್ಸೇ ಮೊದಲ ತೊಂದರೆಯೂ ಆಯಿತು. ಹದಿನೈದು ದಿನದ ಹಿಂದೆ ಪುಟಗಳನ್ನು ತೆರೆದು ನೋಡಿದರೆ, ಅವುಗಳ ತುಂಬ ಇದ್ದದ್ದು ಫ್ಲೆಕ್ಸುಗಳೇ. ಶಾಲೆಗೆ ಬಂದ ದಿನ ಫ್ಲೆಕ್ಸ್ ಹಿಡಿದು ನಿಂತ ಫೋಟೋ, ಪೋಷಕರ ಸಭೆಯ ಫ್ಲೆಕ್ಸ್, ಗಿಡ ನೆಟ್ಟ ಫ್ಲೆಕ್ಸ್, ಬೀಳ್ಕೊಡುಗೆಯ ಫ್ಲೆಕ್ಸ್. ಎಲ್ಲದರ ಮುಂದೆಯೂ ಎಲ್ಲರೂ ಸಾಲಾಗಿ ನಿಂತು, ಗಲ್ಲದ ಕೆಳಗೆ ಬೆರಳಿಟ್ಟು ನಗುತ್ತಿದ್ದರು. ಪಾಠ ಮಾಡಿದ್ದು ಒಂದರಲ್ಲೂ ಇರಲಿಲ್ಲ.

ಡೀನ್ ಹಿಂದೆ ನಿಂತು ನೋಡಿ, "ಚೆನ್ನಾಗಿ ಬಂದಿದೆ ಎಡಿತಾ. ಎಲ್ಲಾದ್ರಲ್ಲೂ ನಾನಿದೀನಿ" ಎಂದಿದ್ದರು.

"ನೀವಿದೀರಿ ಸರ್. ಮಕ್ಕಳೇ ಇಲ್ಲ."

ಅಂದೇ ಅವಳು ನಿಯಮ ಬರೆದಳು. ಪ್ರತಿಯೊಬ್ಬರೂ ಪಾಠ ಮಾಡುತ್ತಿರುವ ವಿಡಿಯೋ ಹಾಕಬೇಕು, ಅದರಲ್ಲಿ ಹಾಕಿದವರು ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ತರಬೇತಿ ಪಾಸಿಲ್ಲ. ತರಬೇತಿ ಪಾಸಾಗದವರಿಗೆ ಈ ವರ್ಷ ಪದವಿಯಿಲ್ಲ, ಶಿಕ್ಷಕರ ಪರೀಕ್ಷೆಗೆ ಕೂರುವಂತಿಲ್ಲ. ಬರೆದಾಗ ಬಹಳ ಸರಿಯಾದ ಮಾತು ಬರೆದೆ ಎಂದುಕೊಂಡಿದ್ದಳು.

ವಿಡಿಯೋಗಳು ಬಂದವು. ಒಂದೊಂದಕ್ಕೂ ಹಾಡು ಹಾಕಿದ್ದರು. ಭಾಗಾಕಾರಕ್ಕೆ ಪ್ರೇಮಗೀತೆ, ಕಪ್ಪೆಯ ಜೀವನಚಕ್ರಕ್ಕೆ ಗಿಟಾರು. ಹಾಡಿಲ್ಲದ ವಿಡಿಯೋ ಎಂದರೆ ಉಪ್ಪಿಲ್ಲದ ಸಾರು ಎಂಬಂತೆ ಬೆಳೆದ ಹುಡುಗರು. ಅವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಎಡಿತಾಳಿಗೂ ಅಷ್ಟೇನೂ ಕಾಣಲಿಲ್ಲ. ಮುಖ ಕಂಡರೆ ಸಾಕಾಗಿತ್ತು, ಹಸಿರು ಗುರುತು ಒತ್ತಿ ಮುಂದೆ ಹೋಗುತ್ತಿದ್ದಳು. ಅವುಗಳಲ್ಲೆಲ್ಲ ಚೆನ್ನಾದದ್ದು ಜೆರ್ವಿನ್ ತೊರ್ರೆತಾನದು. ಎದುರಿನ ದ್ವೀಪದ ಶಾಲೆಯಲ್ಲಿ ಅವನು ಸಮುದ್ರದ ಉಬ್ಬರವಿಳಿತದ ಪಾಠ ಮಾಡುತ್ತಿದ್ದ. ನಡುವೆ ಒಬ್ಬ ಪುಟ್ಟ ಹುಡುಗಿ ಎದ್ದು ಏನೋ ಕೇಳುತ್ತಾಳೆ, ಜೆರ್ವಿನ್ ಉತ್ತರ ಹೇಳದೆ ಅವಳನ್ನೇ ತಿರುಗಿ ಏನೋ ಕೇಳುತ್ತಾನೆ, ಅವಳು ಹೇಳತೊಡಗುತ್ತಾಳೆ, ನೋಡನೋಡುತ್ತ ಇಡೀ ತರಗತಿಯ ಕೈಗಳು ಮೇಲೇಳುತ್ತವೆ. ಹಾಡಿನಡಿ ಮಾತೇನೂ ಕೇಳಿಸದಿದ್ದರೂ ಎಡಿತಾ ಅದನ್ನು ಎರಡು ಸಲ ನೋಡಿದ್ದಳು. ಈ ವರ್ಷದ ಒಳ್ಳೆಯ ಶಿಕ್ಷಕನ ಪದಕ ಅವನಿಗೇ ಎಂದು ಮನಸ್ಸಿನಲ್ಲಿ ಬರೆದೂ ಆಗಿತ್ತು.

ಖಾಲಿ ಉಳಿದದ್ದು ಒಂದೇ ಪುಟ. ಮಾರಿವಿಕ್ ತಂದೋಯ್.

ಆ ಖಾಲಿ ಪುಟವೇ ಬೆಳಗಿನಿಂದ ಅವಳನ್ನು ಕೂರಲು ಬಿಡದೆ ಇದ್ದದ್ದು. ಮಾರಿವಿಕ್ ಸೋಮಾರಿ ಹುಡುಗಿಯಲ್ಲ. ಎಡಿತಾ ದ್ವೀಪಕ್ಕೆ ಹೋದಾಗಲೆಲ್ಲ ಶಾಲೆಯ ಮುಖ್ಯೋಪಾಧ್ಯಾಯಿನಿ ಮೊದಲು ಕೇಳುತ್ತಿದ್ದದ್ದು ಅವಳ ಹೆಸರನ್ನೇ. ಎಡಿತಾ ಕಾರಿಡಾರಿಗೆ ಹೋಗಿ ಅವಳನ್ನು ಕರೆಸಿದಳು.

ಮಾರಿವಿಕ್ ಬಂದು ಬಾಗಿಲಲ್ಲೇ ನಿಂತಳು. ಅವಳ ಹಿಂದೆ ಗೆಳತಿ ಕ್ರಿಸೆಲ್, ಕೈಯಲ್ಲಿ ಕಡ್ಡಿಗೆ ಚುಚ್ಚಿದ ಸಕ್ಕರೆ ಬಾಳೆಕಾಯಿ.

"ಒಳಗ್ ಬಾ ಇಂದಾಯ್. ಯಾಕೆ ಪುಟ ಖಾಲಿ ಬಿಟ್ಟಿದೀಯ?" ಆ ಊರಲ್ಲಿ ಹುಡುಗಿಯರನ್ನು ಅಕ್ಕರೆಯಿಂದ ಇಂದಾಯ್ ಎಂದೂ ಹುಡುಗರನ್ನು ತೋತೋ ಎಂದೂ ಕರೆಯುವುದು ವಾಡಿಕೆ.

"ಹಾಕೋಕೆ ಏನೂ ಇಲ್ಲ ಮ್ಯಾಮ್."

"ಪಾಠ ಮಾಡಿಲ್ವ?"

"ಮಾಡಿದೀನಿ. ಅದರದ್ದು ಫೋಟೋ ಇಲ್ಲ."

ಕ್ರಿಸೆಲ್ ಬಾಳೆಕಾಯಿ ನುಂಗಿಕೊಂಡು ನಡುವೆ ಬಾಯಿ ಹಾಕಿದಳು. "ಡಾಕ್ಯುಮೆಂಟೇಶನ್ ಅವಳದೇ ಅಲ್ವ ಮ್ಯಾಮ್. ಎಲ್ಲರ ವಿಡಿಯೋನೂ ತೆಗೆದಿದ್ದು ಇವಳೇ. ಅವಳ ಕೈ ನಡುಗಲ್ಲ."

"ಮತ್ತೆ ಅವಳ ಸರದಿ ಬಂದಾಗ ನೀವ್ಯಾರೂ ತೆಗೀಲಿಲ್ವ?"

"ನಾನು ತೆಗ್ದೆ ಮ್ಯಾಮ್. ಬೆರಳು ಅಡ್ಡ ಬಂದಿತ್ತು."

"ಪೂರ್ತಿನಾ?"

"ಪೂರ್ತಿ. ಆಮೇಲೆ ಜೆರ್ವಿನ್ ತೆಗ್ದ. ಅವನು ಶುರು ಮಾಡೋವಾಗ ನಿಲ್ಲಿಸಿ, ನಿಲ್ಲಿಸೋವಾಗ ಶುರು ಮಾಡಿದ. ಅದರಲ್ಲಿ ಅವನ ಚಪ್ಪಲಿ ಮಾತ್ರ ಇದೆ. ಚೆನ್ನಾಗೇ ಬಂದಿದೆ."

ಮಾರಿವಿಕ್ ನಕ್ಕಳು. ತನ್ನದೇ ವರ್ಷ ಹೋಗುತ್ತಿದೆ ಎನ್ನುವವರ ನಗೆಯಲ್ಲ, ಪಕ್ಕದವರು ಎಡವಿದ್ದನ್ನು ಕಂಡವರ ನಗೆ. ಅದನ್ನು ನೋಡಿ ಎಡಿತಾಳಿಗೆ ಸಿಟ್ಟು ಬಂತು.

"ನಗ್ತೀಯಲ್ಲೇ. ಶುಕ್ರವಾರ ಆದ್ಮೇಲೆ ನಾನೂ ಏನೂ ಮಾಡೋಕಾಗಲ್ಲ. ಮುಂಚೇನೇ ಬಂದು ಹೇಳೋಕೆ ಏನಾಗಿತ್ತು?"

"ನೀವು ಬ್ಯುಸಿ ಇದ್ರಿ ಮ್ಯಾಮ್" ಎಂದಳು ಮಾರಿವಿಕ್. ಅಷ್ಟು ಹೇಳಿ ತಲೆ ತಗ್ಗಿಸಿದಳು. ಕೊರಳ ಬಳಿ ನೇತಾಡುತ್ತಿದ್ದ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಅದು ಭಯ ಮುಚ್ಚಿಕೊಳ್ಳಲು ನಕ್ಕ ನಗೆ ಎಂದು ಎಡಿತಾಳಿಗೆ ಆಗ ಅರ್ಥವಾಯಿತು.

ಅವಳು ನೇರ ಡೀನರ ಕೋಣೆಗೆ ಹೋದಳು. ಅಲ್ಲಿ ತಪಾಸಣೆಯವರ ಸ್ವಾಗತದ ಫ್ಲೆಕ್ಸನ್ನು ನೆಲಕ್ಕೆ ಹಾಸಿ ಡೀನ್ ಅದರ ಸುತ್ತ ಓಡಾಡುತ್ತಿದ್ದರು.

"ದ್ವೀಪದ ಹೆಡ್‌ಮಿಸ್ ಕೈಯಲ್ಲಿ ಒಂದು ಕಾಗದ ಬರೆಸಿಕೊಂಡು ಬರ್ತೀನಿ ಸರ್. ಹುಡುಗಿ ಪಾಠ ಮಾಡಿದಾಳೆ ಅಂತ."

"ಕಾಗದ" ಎಂದರು ಡೀನ್, ಮನೆಗೆ ಹಾವು ತಂದವಳನ್ನು ನೋಡುವಂತೆ ನೋಡಿ. "ಗೇಟಲ್ಲಿ ಏನ್ ಬರೆಸಿದೀನಿ ನೋಡಿದೀಯಲ್ಲ? ಅದನ್ನ ಓದಿಕೊಂಡೇ ಅವರು ಒಳಗ್ ಬರೋದು. ಬಂದ ತಕ್ಷಣ ಕಾಗದ ತೋರಿಸೋದ?"

"ಒಬ್ಬಳಿಗೆ ಮಾತ್ರ ಸರ್."

"ಒಬ್ಬಳಿಗೆ ಬಿಟ್ರೆ ನಾಳೆ ನಲವತ್ತು ಜನ ಕಾಗದ ಹಿಡ್ಕೊಂಡ್ ಬರ್ತಾರೆ. ನಿಯಮ ಮಾಡಿದ್ದು ನೀನೇ ತಾನೆ?" ಆಮೇಲೆ ದನಿ ಇಳಿಸಿದರು. ಕೆಟ್ಟ ಮನುಷ್ಯರಲ್ಲ ಅವರು. "ಮತ್ತೊಂದ್ಸಲ ಪಾಠ ಮಾಡಿಸಿ ತೆಗಿಸಿಬಿಡು. ಯಾರ್ ಬಂದು ತಾರೀಕು ನೋಡ್ತಾರೆ?"

ದ್ವೀಪದ ಶಾಲೆಗೆ ರಜೆ ಬಿದ್ದು, ಮಕ್ಕಳೆಲ್ಲ ಅಪ್ಪಂದಿರ ಜೊತೆ ದೋಣಿಯಲ್ಲೋ ಅಜ್ಜಿಯರ ಊರಲ್ಲೋ ಇದ್ದರು. ಅದಕ್ಕೂ ಜೆರ್ವಿನ್ ಬಳಿ ಉಪಾಯವಿತ್ತು. ಸಂಜೆ ಅವನೇ ಬಂದು ಹೇಳಿದ. ಎತ್ತರದ ಹುಡುಗ, ಇಸ್ತ್ರಿ ಮುರಿಯದ ಅಂಗಿ, ಯಾವ ಸಭೆಗೂ ಮೈಕು ಹಿಡಿಯಲು ಇವನನ್ನೇ ಕರೆಯುತ್ತಿದ್ದರು.

"ಕ್ಯಾಂಪಸ್ ಹಿಂದಿನ ಮನೆ ಮಕ್ಕಳನ್ನ ಕರ್ಕೊಂಬರೋಣ ಮ್ಯಾಮ್. ಬಿಸ್ಕತ್ತು ಕೊಟ್ರೆ ಬರ್ತಾರೆ. ಯೂನಿಫಾರಂ ಹಾಕ್ಸಿ ನಮ್ಮ ಡೆಮೋ ಕೋಣೇಲಿ ಕೂರಿಸಿದ್ರೆ ಮುಗೀತು. ನಾನ್ ತೆಗೀತೀನಿ. ಈ ಸಲ ಚಪ್ಪಲಿ ಬರಲ್ಲ."

ಸುಳ್ಳು ಎಂದು ಎಡಿತಾಳಿಗೆ ಗೊತ್ತಿತ್ತು. ದೊಡ್ಡ ಸುಳ್ಳೇನಲ್ಲ ಎಂದೂ ಅನ್ನಿಸಿತು. ಹುಡುಗಿ ಮಾಡಿದ್ದನ್ನೇ ಮತ್ತೆ ಮಾಡುತ್ತಾಳೆ, ಜಾಗ ಬೇರೆ, ಮಕ್ಕಳು ಬೇರೆ. ಮನೆಗೆ ಹೋದಮೇಲೂ ಅದೇ ಯೋಚನೆ. ಮೀನಿನ ಸಾರಿಗೆ ಹುಣಿಸೆಹುಳಿ ಎರಡು ಸಲ ಹಾಕಿದಳು. ಗಂಡ ಒಂದು ತುತ್ತು ಬಾಯಿಗಿಟ್ಟು ಅವಳ ಮುಖ ನೋಡಿ, ಉಂಡು ಎದ್ದುಹೋದ.

ಗುರುವಾರ ಬೆಳಿಗ್ಗೆ, ವಿದ್ಯಾರ್ಥಿಗಳು ಪಾಠ ಮಾಡಿ ಅಭ್ಯಾಸ ಮಾಡುವ ಡೆಮೋ ಕೋಣೆಯಲ್ಲಿ ಮಕ್ಕಳು ತುಂಬಿದ್ದರು. ಯೂನಿಫಾರಮ್ಮು ಕೆಲವರಿಗೆ ಮೊಣಕಾಲಿಗೆ ಬಂದಿತ್ತು, ಕೆಲವರಿಗೆ ಹೊಕ್ಕುಳು ಮುಚ್ಚುತ್ತಿರಲಿಲ್ಲ. ಬಿಸ್ಕತ್ತು ಮೊದಲೇ ಹಂಚಿದ್ದು ತಪ್ಪಾಯಿತು; ಅದು ಮುಗಿದ ಮೇಲೆ ಅವರಿಗೆ ಅಲ್ಲಿ ಕೂರಲು ಕಾರಣವೇ ಉಳಿದಿರಲಿಲ್ಲ. ಮಾರಿವಿಕ್ ಬೋರ್ಡಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದಳು. ಕ್ರಿಸೆಲ್ ಅವಳ ಕೂದಲು ಬಾಚಿ, ತನ್ನದೇ ಲಿಪ್‌ಸ್ಟಿಕ್ ಹಚ್ಚಿದ್ದಳು.

"ಶುರು ಮಾಡು" ಎಂದ ಜೆರ್ವಿನ್, ಫೋನು ಎತ್ತಿ ಹಿಡಿದು.

ಮಾರಿವಿಕ್ ಶುರು ಮಾಡಿದಳು. ಪಾಠ ಒಪ್ಪಿಸುವ ಹುಡುಗಿಯ ಹಾಗಿತ್ತು. ಮಕ್ಕಳು "ಗುಡ್ ಮಾರ್ನಿಂಗ್ ಟೀಚರ್" ಎಂದು ರಾಗವಾಗಿ ಎಳೆದರು. ಅವಳು ಬೋರ್ಡಿನ ಮೇಲೆ ಒಂದು ಮೀನು ಬರೆದಳು. ಇದೇನೆಂದು ಕೇಳಿದಳು. ಮೀನು ಎಂದರು. ಆಮೇಲೆ ಅವಳಿಗೂ ಏನೂ ಹೊಳೆಯಲಿಲ್ಲ, ಅವರಿಗೂ ಏನೂ ಹೊಳೆಯಲಿಲ್ಲ. ಎಡಿತಾ ಬಾಗಿಲ ಬಳಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಳು. ಇಷ್ಟೇ ಏನು ಇವಳ ಪಾಠ ಎಂಬ ಕೆಟ್ಟ ಅನುಮಾನವೂ ಒಂದು ಗಳಿಗೆ ಬಂದುಹೋಯಿತು.

"ನಿಲ್ಸಿ, ನಿಲ್ಸಿ" ಎಂದ ಜೆರ್ವಿನ್. "ಅಲುಗಾಡ್ತಿದೆ."

ಮಾರಿವಿಕ್ ಕೆಳಗಿಳಿದು ಅವನ ಬಳಿಗೆ ಹೋದಳು. "ತೋತೋ, ಮೊಣಕೈ ಹೊಟ್ಟೆಗೆ ಒತ್ತಿಟ್ಕೊ. ಉಸಿರು ಸಣ್ಣಗೆ ಬಿಡು. ಎಲ್ಲಿ, ಕ್ರಿಸೆಲ್, ನೀ ಹೋಗಿ ಸ್ವಲ್ಪ ಹೊತ್ತು ನಿಂತ್ಕೊ, ಇವನಿಗೆ ತೋರಿಸ್ತೀನಿ."

ಕ್ರಿಸೆಲ್ ಹೋಗಿ ಬೋರ್ಡಿನ ಮುಂದೆ ನಿಂತಳು. ಫೋನು ಮಾರಿವಿಕ್ ಕೈಗೆ ಬಂತು, ಅವಳು ವಿಡಿಯೋ ತೆಗೆಯತೊಡಗಿದಳು. ಮಾಡುವುದಕ್ಕೇನೂ ಇಲ್ಲದೆ ಕ್ರಿಸೆಲ್ ಅದೇ ಮೀನನ್ನು ತೋರಿಸಿ, "ಇದನ್ನ ಹೇಗೆ ಹಿಡೀತಾರೆ?" ಎಂದಳು. ಮುಂದಿನ ಬೆಂಚಿನವರು ಬಲೆ, ಗಾಳ ಎಂದು ಕೂಗಾಡಿದರು.

ಆಗ ಫೋನಿನ ಹಿಂದಿನಿಂದ ಸಣ್ಣ ದನಿಯಲ್ಲಿ ಮಾತು ಬಂತು. "ಕ್ರಿಸೆಲ್, ಕೂಗೋರನ್ನ ಬಿಡು. ಕಿಟಕಿ ಪಕ್ಕದೋನು ಕೈಯಲ್ಲೇ ಗಂಟು ಹಾಕಿ ತೋರಿಸ್ತಿದಾನೆ. ಅವನನ್ನ ಕರಿ."

ಕ್ರಿಸೆಲ್ ಅವನನ್ನು ಕರೆದಳು. ಮೂಗು ಸೋರುತ್ತಿದ್ದ ಪುಟ್ಟ ಹುಡುಗ ಎದ್ದುಬಂದು, ಅಪ್ಪ ಬಲೆಗೆ ಹಾಕುವ ಗಂಟನ್ನು ಕ್ರಿಸೆಲ್‌ಳ ಗುರುತಿನ ಚೀಟಿಯ ದಾರದಲ್ಲಿ ಹಾಕಿ ತೋರಿಸಿದ. ಕೂಗುತ್ತಿದ್ದವರೆಲ್ಲ ಬಾಯಿ ಮುಚ್ಚಿ ಅವನ ಕೈ ನೋಡತೊಡಗಿದರು.

"ಈಗ ನೀ ಮಾತಾಡ್ಬೇಡ, ಕಾಯಿ" ಎಂದಿತು ಅದೇ ದನಿ. "ಹಾಂ. ಈಗ ಕೇಳು, ಗಂಟು ಹತ್ರ ಹತ್ರ ಹಾಕಿದ್ರೆ ಯಾವ ಮೀನು ಸಿಗತ್ತೆ ಅಂತ."

ಎಡಿತಾ ಓಲಾಡುವುದನ್ನು ನಿಲ್ಲಿಸಿದಳು. ಈ ದನಿಯನ್ನು ಅವಳು ಕೇಳಿದ್ದಳು. ಇವತ್ತಲ್ಲ, ನಿನ್ನೆಯಲ್ಲ, ಈ ವಾರವೆಲ್ಲ. ಪ್ರೇಮಗೀತೆಗಳ ಅಡಿಯಲ್ಲಿ, ಗಿಟಾರಿನ ಅಡಿಯಲ್ಲಿ, ಪಕ್ಕದ ಮನೆಯ ರೇಡಿಯೋದಂತೆ ಒಂದು ಗುನುಗು ಎಲ್ಲ ವಿಡಿಯೋಗಳಲ್ಲೂ ಇತ್ತು. ಅದನ್ನು ಅವಳು ಮಕ್ಕಳ ಗದ್ದಲ ಎಂದುಕೊಂಡಿದ್ದಳು.

"ಮಕ್ಕಳನ್ನ ಮನೆಗೆ ಕಳಿಸಿ" ಎಂದಳು. "ಇದು ಸಾಕು. ಜೆರ್ವಿನ್, ಕ್ರಿಸೆಲ್, ನಿಮ್ಮ ವಿಡಿಯೋ ಹಾಡಿಲ್ಲದೆ ಇದ್ಯಾ? ತೆಗೆದ ಹಾಗೇ ಇರೋದು?"

ಕ್ರಿಸೆಲ್ ಫೋನಿನಲ್ಲಿ ಇತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಕೇಳಿದರು. ಹಾಡು ತೆಗೆದ ಕಪ್ಪೆಯ ಪಾಠದಲ್ಲಿ ಕ್ರಿಸೆಲ್ ಎರಡು ಸಲ ಮರೆತಿದ್ದಳು, ಎರಡು ಸಲವೂ ಹಿಂದಿನ ದನಿ ಅವಳ ಕೈ ಹಿಡಿದು ದಾಟಿಸಿತ್ತು. ಹೇಳಿಕೊಡುವುದೆಂದರೆ ಉತ್ತರ ಹೇಳಿಕೊಡುವುದಲ್ಲ. ಯಾವ ಮಗು ಬೇಸರಗೊಂಡಿದೆ, ಯಾರಿಗೆ ಅರ್ಥವಾಗಿಲ್ಲ, ಯಾರು ಹೇಳಬೇಕೆಂದು ಕಾದು ಕಾದು ಕೈ ಇಳಿಸಿದರು, ಅದನ್ನು ನೋಡಿ ಒಂದು ಮಾತು. ಹಿಂದೆ ನಿಂತವಳಿಗೆ ಇಡೀ ಕೋಣೆ ಕಾಣುತ್ತಿತ್ತು.

"ಇದು ನಿನ್ನ ಪಾಠ ಇಂದಾಯ್" ಎಂದಳು ಎಡಿತಾ.

"ಇಲ್ಲ ಮ್ಯಾಮ್. ಪಾಠ ಅವರದು. ನಾನು ಸುಮ್ನೆ ಬಾಯಿ ಹಾಕಿದೀನಿ. ವಿಡಿಯೋ ಚೆನ್ನಾಗಿ ಬರ್ಲಿ ಅಂತ."

"ಇದನ್ನ ನಿನ್ನ ಪುಟಕ್ಕೆ ಹಾಕು. ಕ್ರಿಸೆಲ್ ಒಪ್ಪಿದ್ರೆ."

"ನಂಗೇನು" ಎಂದಳು ಕ್ರಿಸೆಲ್. "ನಾನು ಮರೆಯೋದು ನಮ್ಮಮ್ಮಂಗೂ ಗೊತ್ತು."

ಮಾರಿವಿಕ್ ಒಪ್ಪಲಿಲ್ಲ. ಅವಳ ಮುಖ ಕೆಂಪಾಯಿತು. "ಬೇಡ ಮ್ಯಾಮ್. ಇದನ್ನ ಹಾಕಿದ್ರೆ ಅವರಿಗೆ ನಾಚಿಕೆ ಆಗತ್ತೆ. ತಪಾಸಣೆಯವರು ಕೇಳಿಸ್ಕೊಂಡ್ರೆ, ಇವರಿಗೆ ಪಾಠ ಮಾಡೋಕೆ ಬರಲ್ಲ ಅಂದ್ಕೋತಾರೆ. ನಂದು ಒಂದು ವರ್ಷ ಹೋದ್ರೆ ಹೋಗ್ಲಿ."

"ಹೋಗ್ಲಿ ಅನ್ನೋಕೆ ಅದೇನು ಬಸ್ಸಾ, ಇನ್ನೊಂದು ಬರೋಕೆ?" ಎಂದಳು ಎಡಿತಾ. ಹೇಳಿದ ಮೇಲೆ, ಹುಡುಗಿ ಹೇಳಿದ್ದರಲ್ಲಿ ಅರ್ಧ ನಿಜವಿದೆ ಎಂದು ಅವಳಿಗೇ ಅನ್ನಿಸಿತು.

ಜೆರ್ವಿನ್ ಬಾಗಿಲ ಕಡೆ ಸರಿದಿದ್ದ. ಅವನು ಫೋನನ್ನು ಕಿಸೆಗೆ ಹಾಕಿಕೊಂಡಿದ್ದ.

"ನಿನ್ನದು ಎಲ್ಲಿ ತೋತೋ?"

"ನಂದು ಅಳಿಸಿಹೋಗಿದೆ ಮ್ಯಾಮ್. ಜಾಗ ಇರ್ಲಿಲ್ಲ. ಹಾಡು ಹಾಕಿದ್ದು ಮಾತ್ರ ಇದೆ."

ಅಳಿಸಿಹೋಗಿದೆ ಎನ್ನುವವರು ಒಂದು ಸಲವಾದರೂ ಫೋನು ತೆರೆದು ಹುಡುಕುತ್ತಾರೆ. ಅವನು ಕಿಸೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ. ಎಡಿತಾ ಒತ್ತಾಯ ಮಾಡಲಿಲ್ಲ. ಕ್ರಿಸೆಲ್ ಮಾಡಿದಳು.

"ಅಳಿಸಿಹೋಗಿದ್ಯಾ? ಮೊನ್ನೆ ತಾನೆ ನಿಮ್ಮ ಅತ್ತೆಗೆ ತೋರಿಸ್ತಿದ್ದೆ. ಪದಕ ಎಲ್ಲಿ ಜಾರಿಬಿಡತ್ತೋ ಅಂತ ಬಚ್ಚಿಡ್ತಿದೀಯ ಅಲ್ವ?"

"ಬಾಯ್ ಮುಚ್ಚೆ."

"ನಾನ್ ಮುಚ್ತೀನಪ್ಪ. ನಿಂದನ್ನ ಹಾಡು ಮುಚ್ಚಿದೆ."

ಜೆರ್ವಿನ್ ಬಿರಬಿರನೆ ಹೊರಗೆ ಹೋದ. ಮಾರಿವಿಕ್ ಗೆಳತಿಯ ತೋಳಿಗೆ ಒಂದು ಏಟು ಕೊಟ್ಟಳು. ಆಮೇಲೆ ಬೆಂಚಿನ ಕೆಳಗೆ ಉದುರಿದ ಬಿಸ್ಕತ್ತಿನ ಚೂರುಗಳನ್ನು ಗುಡಿಸತೊಡಗಿದಳು.

ಶುಕ್ರವಾರ ಎಡಿತಾ ಮೊದಲು ಹೋದದ್ದು ಡೀನರ ಬಳಿಗೆ. ನಿಯಮದಲ್ಲಿ ಒಂದು ಮಾತು ಬದಲಿಸಬೇಕು ಎಂದಳು. ವಿದ್ಯಾರ್ಥಿ ಕಾಣಬೇಕು ಎಂದಿದೆ. ಕಾಣಬೇಕು ಇಲ್ಲವೆ ಕೇಳಿಸಬೇಕು ಎಂದಾಗಲಿ.

"ಕೊನೇ ದಿನ ನಿಯಮ ಬದಲಾಯಿಸ್ತಾರ?"

"ತಪ್ಪು ಗೊತ್ತಾಗಿದ್ದು ಕೊನೇ ದಿನ ಸರ್. ಬರೆದವಳು ನಾನೇ. ಮುಖ ಕಂಡ್ರೆ ಕೆಲಸ ಆಯ್ತು ಅಂದ್ಕೊಂಡಿದ್ದೆ. ಫ್ಲೆಕ್ಸ್ ಬೇಡ ಅಂದು ನಾನೂ ಇನ್ನೊಂದು ಫ್ಲೆಕ್ಸೇ ಬರೆದಿದ್ದೀನಿ."

ಡೀನ್ ಗೋಡೆಗೆ ಒರಗಿಸಿಟ್ಟ ಸ್ವಾಗತದ ಫ್ಲೆಕ್ಸನ್ನು ನೋಡಿದರು. ತಮ್ಮ ಮುಖವನ್ನು ತಾವೇ ನೋಡಿದರು. "ತಪಾಸಣೆಯವರು ಕೇಳಿದ್ರೆ?"

"ಮೂರು ಊರು ಸುತ್ತಿ ಬರ್ತಿದಾರೆ ಸರ್ ಅವರು. ಎಲ್ಲಾ ಕಡೆ ಗಲ್ಲಕ್ಕೆ ಬೆರಳಿಟ್ಟ ಫೋಟೋನೇ ನೋಡಿರ್ತಾರೆ. ನಮ್ಮಲ್ಲಿ ಒಬ್ಬಳಾದ್ರೂ ಬೇರೆ ಇರ್ಲಿ."

ಡೀನ್ ಗಡಿಯಾರ ನೋಡಿ, "ನಾಲ್ಕು ಗಂಟೆ ಒಳಗೆ ಬರೆದು ತಾ" ಎಂದರು. ಎಡಿತಾ ಬಾಗಿಲು ದಾಟುವಾಗ ಮತ್ತೆ ಕರೆದರು. "ಬರೆದು ತಾ ಅಂದ್ರೆ ಕಾಗದದಲ್ಲಿ ಅಲ್ಲ."

ನಿಯಮವೇನೋ ಬದಲಾಯಿತು. ಹುಡುಗಿ ಬದಲಾಗಲಿಲ್ಲ. ಕ್ರಿಸೆಲ್ ತನ್ನ ವಿಡಿಯೋ ಕಳಿಸಿದಳು, ಇನ್ನೂ ಕೆಲವರು ಕಳಿಸಿದರು. ಮಾರಿವಿಕ್ ಕಂಪ್ಯೂಟರಿನ ಮುಂದೆ ಕೂತಳೇ ಹೊರತು ಒಂದನ್ನೂ ತನ್ನ ಪುಟಕ್ಕೆ ಹಾಕಲಿಲ್ಲ. ಒಬ್ಬನ ನಾಚಿಕೆ ಇವಳ ಬೆರಳನ್ನು ಹಿಡಿದಿತ್ತು.

"ಜೆರ್ವಿನ್‌ಗೆ ಇಷ್ಟ ಇಲ್ಲ ಮ್ಯಾಮ್. ಅವನೊಬ್ಬನ್ದು ಬಿಟ್ಟು ಉಳಿದವ್ರದ್ದು ಹಾಕಿದ್ರೂ, ಎಲ್ಲರಿಗೂ ಗೊತ್ತಾಗತ್ತೆ. ಅವನದ್ದರಲ್ಲೂ ಹೀಗೇ ಇರ್ಬೇಕು ಅಂತಾರೆ."

"ಇರೋದು ನಿಜ ತಾನೆ?"

"ನಿಜ ಅಂತ ಹೇಳ್ಬಿಡೋದಾ ಮ್ಯಾಮ್?"

ಎಡಿತಾಳೂ ಈ ಊರಿನವಳೇ. ಇನ್ನೊಬ್ಬರ ಮುಖ ಉಳಿಸಲು ತನ್ನ ಮುಖ ತಗ್ಗಿಸುವುದನ್ನು ಅಮ್ಮನ ಮಡಿಲಲ್ಲೇ ಕಲಿತವಳು. ಅದು ತಪ್ಪು ಎಂದು ಹೇಳಲು ಬಾಯಿ ಬರಲಿಲ್ಲ. ಹೇಳದಿದ್ದರೆ ಹುಡುಗಿಯ ವರ್ಷ ಹೋಗುತ್ತದೆ. ಅವಳು ಕಾರಿಡಾರಿಗೆ ಹೋದಳು, ಗೇಟಿನವರೆಗೆ ನೋಡಿದಳು, ಒಳಗೆ ಬಂದಳು, ಕುಡಿಯದ ಕಾಫಿಯನ್ನು ಮತ್ತೆ ಕುಡಿಯದೆ ಇಟ್ಟಳು. ಮಧ್ಯಾಹ್ನ ಕರೆಂಟು ಹೋಯಿತು. ಬಂತು. ಮತ್ತೆ ಹೋಗಿ, ಬೆವರು ಒರೆಸಿಕೊಳ್ಳುವುದರೊಳಗೆ ಬಂತು. ಗೋಡೆಯ ಗಡಿಯಾರ ಮಾತ್ರ ನಿಲ್ಲಲಿಲ್ಲ, ಅದಕ್ಕೆ ಬ್ಯಾಟರಿ ಇತ್ತು.

ನಾಲ್ಕು ಗಂಟೆ ದಾಟಿದ ಮೇಲೆ ಜೆರ್ವಿನ್ ಬಂದ. ಅಂಗಿಯ ಇಸ್ತ್ರಿ ಹಾಳಾಗಿತ್ತು. ಯಾರ ಮುಖವನ್ನೂ ನೋಡದೆ ಬಂದು ಮಾರಿವಿಕ್ ಪಕ್ಕದ ಕಂಪ್ಯೂಟರಿನ ಮುಂದೆ ಕೂತ.

"ಕಳಿಸ್ತೀಯ?" ಎಂದಳು ಎಡಿತಾ.

"ಇಲ್ಲ ಮ್ಯಾಮ್. ನನ್ನ ಪುಟಕ್ಕೇ ಹಾಕ್ತಿದೀನಿ."

ಅವನು ತನ್ನ ಪುಟದಿಂದ ಹಾಡಿನ ವಿಡಿಯೋ ತೆಗೆದು, ಹಾಡಿಲ್ಲದ್ದನ್ನು ಹಾಕುತ್ತಿದ್ದ. ನೀಲಿ ಗೆರೆ ಇರುವೆಯಂತೆ ತೆವಳಿತು. ಮೂವರೂ ಅದನ್ನೇ ನೋಡುತ್ತಿದ್ದರು. ಗೆರೆ ಪೂರ್ತಿಯಾದ ಮೇಲೆ, ಸರಿಯಾಗಿ ಬಂದಿದೆಯೇ ಎಂದು ನೋಡಲು ಅವನು ಅದನ್ನು ಒತ್ತಿದ.

ದ್ವೀಪದ ತರಗತಿ. ಹೊರಗೆ ಕೋಳಿ ಕೂಗು, ಪಂಪ್‌ಬೋಟ್ ಎನ್ನುವ ಮೋಟಾರು ದೋಣಿಯ ಸದ್ದು. ಪುಟ್ಟ ಹುಡುಗಿ ಎದ್ದು ನಿಂತಳು. "ಹುಣ್ಣಿಮೆ ದಿನ ನಮ್ಮ ಬಾವಿ ನೀರು ಯಾಕೆ ಉಪ್ಪಾಗತ್ತೆ ಸರ್?" ಜೆರ್ವಿನ್ ಬಾಯಿ ತೆರೆದ, ಮುಚ್ಚಿದ, ಕೈಯಲ್ಲಿದ್ದ ಚಂದ್ರನ ಚಿತ್ರವನ್ನು ತಿರುಗಿಸಿ ನೋಡಿದ. ಕೋಣೆ ಮೌನವಾಯಿತು. ಹಾಡಿಲ್ಲದಾಗ ಆ ಮೌನ ಎಷ್ಟು ಉದ್ದವಿತ್ತು ಎಂದು ಎಡಿತಾಳಿಗೆ ಈಗ ಗೊತ್ತಾಯಿತು. ಆಮೇಲೆ ಸಣ್ಣ ದನಿ: "ಅವಳನ್ನೇ ಕೇಳು ತೋತೋ. ಬಾವಿಗೆ ಹೋಗೋಳು ಅವಳು. ಯಾವ ಹೊತ್ತಲ್ಲಿ ಉಪ್ಪು, ಯಾವ ಹೊತ್ತಲ್ಲಿ ಸಿಹಿ, ಅವಳೇ ಹೇಳ್ಲಿ."

ಜೆರ್ವಿನ್ ವಿಡಿಯೋ ನಿಲ್ಲಿಸಿದ. ಕಿವಿಗಳು ಕೆಂಪಾಗಿದ್ದವು.

"ಹಾಡಿಲ್ದೆ ಕತ್ತೆ ತರ ಕಾಣ್ತೀನಿ" ಎಂದ.

"ಹಾಡಿದ್ದಾಗಲೂ ಹಾಗೇ ಇತ್ತು" ಎಂದಳು ಬಾಗಿಲಲ್ಲಿ ಬಂದು ನಿಂತಿದ್ದ ಕ್ರಿಸೆಲ್.

ಅವನು ನಗಲಿಲ್ಲ. ಅನಿಸಿಕೆ ಬರೆಯುವ ಜಾಗದಲ್ಲಿ ಮೊದಲಿದ್ದದ್ದನ್ನೆಲ್ಲ ಅಳಿಸಿ, ಒಂದೊಂದೇ ಬೆರಳಿನಲ್ಲಿ ಬಡಿಯತೊಡಗಿದ. 'ಉತ್ತರ ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಹೇಳಿದವಳು ಮಾರಿವಿಕ್ ತಂದೋಯ್. ಅಂದಿನಿಂದ ಗೊತ್ತಿಲ್ಲದ್ದನ್ನು ಮಕ್ಕಳನ್ನೇ ಕೇಳುತ್ತೇನೆ.' ಬರೆದು ಮುಗಿಸಿ ಎದ್ದು, ಮಾರಿವಿಕ್ ಕುರ್ಚಿಯನ್ನು ಮೊಣಕಾಲಿನಿಂದ ತಳ್ಳಿದ. "ಈಗ ಹಾಕೆ. ನಂದೇ ಎಲ್ಲರಿಗಿಂತ ಮುಂಚೆ ಬಯಲಾಯ್ತಲ್ಲ. ಇನ್ನು ಯಾರಿಗೆ ನಾಚಿಕೆ?"

ಮಾರಿವಿಕ್ ಎಡಿತಾಳ ಕಡೆ ನೋಡಿದಳು. ಎಡಿತಾ ಗಡಿಯಾರದ ಕಡೆ ಬೆರಳು ತೋರಿಸಿದಳು.

ಆಮೇಲೆ ಹುಡುಗಿಯ ಕೈ ಓಡಿತು. ಕ್ರಿಸೆಲ್‌ಳ ಕಪ್ಪೆ, ಜೆರ್ವಿನ್‌ನ ಬಾವಿ, ಇನ್ನೊಬ್ಬರ ಭಾಗಾಕಾರ, ನಿನ್ನೆಯ ಬಲೆಯ ಗಂಟು. ಪ್ರತಿಯೊಂದರ ಕೆಳಗೂ ಆ ಪಾಠ ಯಾರದೆಂದು ಮೊದಲು ಬರೆದು, ಅಂದು ತಾನು ಯಾವ ಮಗುವನ್ನು ನೋಡಿದ್ದೆ, ಯಾಕೆ ಆ ಮಾತು ಹೇಳಿದೆ ಎಂದು ಬರೆದಳು. ಎಡಿತಾ ಅವಳ ಭುಜದ ಮೇಲಿಂದ ಓದುತ್ತ ನಿಂತಳು. ಮೂವತ್ತು ವರ್ಷದ ಆಲ್ಬಮ್ಮುಗಳಲ್ಲಿ ಅವಳು ಹುಡುಕುತ್ತಿದ್ದದ್ದು ಇದೇ ಇರಬೇಕು. ಆದರೆ ಹೊಗಳಲು ಸಮಯವಿರಲಿಲ್ಲ.

ಕೊನೆಯ ಗುಂಡಿ ಒತ್ತಿದಾಗ ಕಂಪ್ಯೂಟರು ಒಪ್ಪಲಿಲ್ಲ. ಪುಟದ ತಲೆಯಲ್ಲಿ ಖಾಲಿ ಚೌಕ ಕೆಂಪಾಗಿ ಮಿನುಗಿತು. ಹಾಕಿದವರ ಫೋಟೋ ಬೇಕು.

"ನಿನ್ನದೊಂದು ಫೋಟೋ ಕೊಡು" ಎಂದಳು ಎಡಿತಾ.

ಮಾರಿವಿಕ್ ಫೋನಿನಲ್ಲಿ ಹುಡುಕಿದಳು. ಬೆರಳು ಮೇಲಕ್ಕೆ ತಳ್ಳಿತು, ಮತ್ತೂ ಮೇಲಕ್ಕೆ ತಳ್ಳಿತು. ಎಲ್ಲರೂ ಇದ್ದರು.

"ಕೊಡಿಲ್ಲಿ" ಎಂದು ಜೆರ್ವಿನ್ ಫೋನು ಕಿತ್ತುಕೊಂಡ. "ಗೋಡೆ ಹತ್ರ ನಿಂತ್ಕೊ."

ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಗಲ್ಲದ ಕೆಳಗೆ ಬೆರಳಿಡಲು ಹೋಗಿ, ಎಡಿತಾಳ ಮುಖ ನೋಡಿ ಇಳಿಸಿದಳು. ಜೆರ್ವಿನ್ ಹಿಡಿದ ಫೋನು ಈ ಸಲವೂ ಅಲುಗಾಡುತ್ತಿತ್ತು. ಗಡಿಯಾರದ ಮುಳ್ಳು ಐದರ ಬಳಿ ಬಂದಿತ್ತು. ಮೇಲೆ ಫ್ಯಾನು ಒಂದು ಸಲ ನಿಧಾನವಾಗಿ, ಹೋಗುವುದೋ ಇರುವುದೋ ಎಂದು ಯೋಚಿಸಿ, ಮತ್ತೆ ತಿರುಗಿತು.

"ತೋತೋ, ಮೊಣಕೈ" ಎಂದಳು ಮಾರಿವಿಕ್. "ಹೊಟ್ಟೆಗೆ ಒತ್ತು. ಕಿಟಕಿ ಕಡೆ ಸ್ವಲ್ಪ ಬಾ, ನಿನ್ನ ನೆರಳು ನನ್..."

ಫೋನು ಕ್ಲಿಕ್ ಎಂದಿತು.

ಎಲ್ಲರೂ ಬಗ್ಗಿ ನೋಡಿದರು. ಫೋಟೋ ಕೊಂಚ ಓರೆಯಾಗಿತ್ತು. ಕಣ್ಣು ಅರಳಿತ್ತು, ಒಂದು ಕೈ ಗಾಳಿಯಲ್ಲಿತ್ತು, ಬಾಯಿ ಪೂರ್ತಿ ತೆರೆದುಕೊಂಡಿತ್ತು.

"ಅಯ್ಯೋ ಬೇಡ ಮ್ಯಾಮ್, ಬಾಯಿ ನೋಡಿ. ಇನ್ನೊಂದು ತೆಗೀಲಿ."

"ಇದೇ ಇರ್ಲಿ" ಎಂದು ಎಡಿತಾ ಅದನ್ನು ಚೌಕಕ್ಕೆ ಹಾಕಿ ಗುಂಡಿ ಒತ್ತಿದಳು. ಹಸಿರು ಗುರುತು ಮೂಡುವವರೆಗೆ ಕಾದು ನಿಂತು, ಮೂಡಿದ ಮೇಲೆ ಕುರ್ಚಿ ಎಳೆದುಕೊಂಡು ಕೂತಳು.